ಹಾದಿಯ ಅಂಗಡಿಗಳು

(ರೇಡಿಯೋ ಭಾಷಣ)

ಹಿಂದಿನ ತಲೆಮಾರಿನಲ್ಲಿ ಕಾಶಿಗೆ ಹೋಗಿ ಬಂದವರು ಎರಡು ವಸ್ತುಗಳನ್ನು ತಪ್ಪದೆ ಊರಿಗೆ ತರುತ್ತಿದ್ದರು. ಒಂದು, ಬಾಯಿಗೆ ಬೆಸುಗೆ ಹಾಕಿದ ಗಂಗೆಯ ತಾಮ್ರದ ಗಿಂಡಿ. ಇನ್ನೊಂದು, ಕಾಶೀದಾರದ ಕಂತೆ. ಗಿಂಡಿ ದೇವರ ಮನೆಗೆ. ದಾರ ನೆರೆಹೊರೆಯವರಿಗೆ, ಕೇರಿಯ ಮಕ್ಕಳಿಗೆ. ಗಂಗೆ ಧಾರಾಳವಾಗಿ ಹರಿಯುವಳು, ಅವಳಿಗೆ ಬೆಲೆಯಿಲ್ಲ. ಆದರೆ ಅವಳನ್ನು ಊರಿಗೆ ಹೊತ್ತು ತರುವ ಗಿಂಡಿಗೆ ಬೆಲೆಯುಂಟು, ಅದನ್ನು ಮಾರಲು ಗಲ್ಲಿಯಲ್ಲೊಂದು ಅಂಗಡಿಯುಂಟು, ಅಂಗಡಿಯಲ್ಲೊಬ್ಬ ವರ್ತಕನುಂಟು. ನಮ್ಮ ಯಾತ್ರಾಕಥನಗಳಲ್ಲಿ ಗಂಗೆಯ ವರ್ಣನೆ ಪುಟಗಟ್ಟಲೆ ಬರುತ್ತದೆ; ಗಿಂಡಿ ಮಾರಿದವನ ಮಾತು ಒಂದು ಸಾಲಿನಷ್ಟಾದರೂ ಬರುವುದು ಅಪರೂಪ. ಇಂದು ಆ ಅಂಗಡಿಯವನ ಕಡೆಗೆ ತುಸು ತಿರುಗಿ ನೋಡೋಣವೆಂದು ನನ್ನ ಆಸೆ.

ಹಳೆಯ ಪ್ರವಾಸಿಗಳು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು ಎನ್ನಬೇಕು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ಅರಮನೆಯನ್ನೂ ಕೋಟೆಯನ್ನೂ ಕಂಡು ಬೆರಗಾದಂತೆಯೇ ಅಲ್ಲಿಯ ಅಂಗಡಿ ಬೀದಿಗಳನ್ನು ಕಂಡೂ ಬೆರಗಾದನು. ಒಂದೊಂದು ಕಸುಬಿನವರ ಅಂಗಡಿಗಳು ಒತ್ತಾಗಿ ಒಂದೆಡೆ ಇದ್ದುದನ್ನು, ಮುತ್ತು ಮಾಣಿಕ್ಯಗಳನ್ನು ಬೀದಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದುದನ್ನು ಅವನು ಬರೆದಿದ್ದಾನೆ. ಅಷ್ಟಕ್ಕೇ ನಿಲ್ಲದೆ, ಈ ಊರಿನ ಜನರಿಗೆ ಗುಲಾಬಿಯು ಅನ್ನದಷ್ಟೇ ಅಗತ್ಯವೆಂಬಂತೆ ಕಾಣುತ್ತದೆ ಎಂದೂ ಗುರುತಿಸಿದ್ದಾನೆ. ರತ್ನದ ಸುದ್ದಿಯನ್ನು ಯಾವ ರಾಯಭಾರಿಯಾದರೂ ಬರೆದಾನು. ಹೂವಿನ ಸುದ್ದಿಯನ್ನು ಬರೆಯಬೇಕಾದರೆ ಅಂಗಡಿಯ ಮುಂದೆ ನಿಂತು ಯಾರು ಏನು ಕೊಳ್ಳುತ್ತಾರೆ ಎಂದು ನೋಡಿರಬೇಕು. ಒಂದು ಊರಿನ ಸಂಪತ್ತನ್ನು ಅದರ ಬೊಕ್ಕಸ ಹೇಳಬಹುದು. ಅದರ ಅಭಿರುಚಿಯನ್ನು ಹೇಳುವುದು ಚಿಲ್ಲರೆ ಅಂಗಡಿಯೇ.

ಊರಿನ ಚರಿತ್ರೆಯನ್ನೂ ಅಂಗಡಿ ಬೀದಿಯಲ್ಲಿ ಓದಬಹುದು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವ ಬೆಂಗಳೂರಿನ ಪೇಟೆಗೆ ಹೋಗಿರಿ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತರಗುಪೇಟೆ - ಹೆಸರುಗಳನ್ನು ಓದುತ್ತ ಹೋದರೆ ಒಂದು ಸಂಸಾರಕ್ಕೆ ಬೇಕಾದ ಸಾಮಾನಿನ ಪಟ್ಟಿಯನ್ನೇ ಓದಿದಂತಾಗುತ್ತದೆ. ದೆಹಲಿಯ ಖಾರಿ ಬಾವ್ಲಿಯಲ್ಲಿ ಮಸಾಲೆಯ ಘಾಟು, ಹೈದರಾಬಾದಿನ ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆಗಳ ಹೊಳಪು. ಕಣ್ಣು ಮುಚ್ಚಿ ಕರೆದೊಯ್ದರೂ ಯಾವ ಊರು ಎಂದು ತಿಳಿಯುವಂಥ ಬೀದಿಗಳು ಇವು. ದೊಡ್ಡ ಮಳಿಗೆಗಳಿಗೆ ಈ ಗುಣವಿಲ್ಲ. ತಣ್ಣನೆಯ ಗಾಳಿ, ನುಣುಪಾದ ನೆಲ, ಗಾಜಿನ ಬಾಗಿಲು. ಒಳಗೆ ಹೋದ ಮೇಲೆ ಲಖನೌ ಆದರೇನು, ಮಂಗಳೂರು ಆದರೇನು? ಅನುಕೂಲವುಂಟು, ಅಲ್ಲಗಳೆಯಲಾರೆ. ಆದರೆ ನೂರಾರು ಹರದಾರಿ ಪ್ರಯಾಣ ಮಾಡಿ, ಹೊರಟ ಊರಿನಲ್ಲಿಯೇ ಇದ್ದಂತೆ ಇರುವುದಕ್ಕೆ ಪ್ರಯಾಣವೇಕೆ?

ಪುಟ್ಟ ಅಂಗಡಿಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಇರುವ ದೂರ ಒಂದು ತೋಳಿನಷ್ಟು. ಆ ದೂರದಲ್ಲಿ ಮಾತಿಲ್ಲದೆ ವ್ಯವಹಾರ ಸಾಗುವುದಿಲ್ಲ. ಭಾಷೆ ಬಾರದವನೂ ಮೊದಲು ಕಲಿಯುವ ಮಾತು 'ಎಷ್ಟು?' ಎಂಬುದು. ಮಧುರೆಯಲ್ಲಿ 'ಎವ್ವಳವು', ವಿಜಯವಾಡದಲ್ಲಿ 'ಎಂತ', ಕೊಚ್ಚಿಯಲ್ಲಿ 'ಎತ್ರ', ಕಾಶಿಯಲ್ಲಿ 'ಕಿತನಾ'. ಒಂದು ಪದ ಸಾಕು, ಬಾಗಿಲು ತೆರೆಯುತ್ತದೆ. ಆಮೇಲೆ ಬೆರಳುಗಳಿವೆ, ಹುಬ್ಬುಗಳಿವೆ, ನಗುವಿದೆ. ಸ್ವಲ್ಪ ಕಿವಿಗೊಟ್ಟರೆ ನಮ್ಮ ನೆಂಟರೇ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ತೂಕವಾದ ಮೇಲೆ ಕೈಯಾರೆ ಹಾಕುವ ಒಂದು ಹಿಡಿಗೆ ನಾವು 'ಕೊಸರು' ಎನ್ನುತ್ತೇವೆ. ಆಂಧ್ರದಲ್ಲಿಯೂ ಅದು ಕೊಸರು, ತಮಿಳು ನಾಡಿನಲ್ಲಿ ಕೊಸುರು. ದಿನದ ಮೊದಲ ವ್ಯಾಪಾರ ನಮಗೆ 'ಬೋಣಿ', ಹಿಂದಿಯವರಿಗೆ 'ಬೋಹನೀ'. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ನಂಬಿಕೆಯೂ ಎರಡು ಕಡೆಯೂ ಒಂದೇ. 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆಯಂತೂ ಲಿಪಿ ಬದಲಾಯಿಸಿಕೊಂಡು ದೇಶವನ್ನೆಲ್ಲ ಸುತ್ತಿದೆ. ಭಾರತದ ಏಕತೆಯನ್ನು ಕುರಿತು ದೊಡ್ಡ ಮಾತುಗಳನ್ನು ನಾವು ಕೇಳಿದ್ದೇವೆ. ಆ ಏಕತೆಯು ಇಷ್ಟು ಸಣ್ಣ ಅಕ್ಷರಗಳಲ್ಲಿ ತಕ್ಕಡಿಯ ಮೇಲೆ ತೂಗುಹಾಕಿರುವುದನ್ನು ಗಮನಿಸಿದವರು ಕಡಿಮೆ.

ವಸ್ತುವನ್ನು ಅದು ಹುಟ್ಟಿದ ಸ್ಥಳದಲ್ಲಿ ಕೊಳ್ಳುವುದರಲ್ಲಿ ಬೇರೊಂದು ಲಾಭವಿದೆ. ಬೀದರಿಗೆ ಹೋದವರು ಕೋಟೆಯನ್ನು ನೋಡುತ್ತಾರೆ, ಮದರಸವನ್ನು ನೋಡುತ್ತಾರೆ. ಚೌಬಾರದ ಸುತ್ತಿನ ಬೀದಿಯಲ್ಲಿ ಬಿದರಿ ಕೆಲಸದವರ ಸಣ್ಣ ಅಂಗಡಿಗಳಿವೆ. ಅಲ್ಲಿಯೂ ಅರ್ಧ ಗಂಟೆ ಕುಳಿತುಕೊಳ್ಳಬೇಕು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಕುಶಲಿಯೊಬ್ಬನು ಉಳಿಯಿಂದ ಬಳ್ಳಿಯನ್ನು ಕೊರೆಯುತ್ತಾನೆ. ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಇಟ್ಟು ಮೆಲ್ಲನೆ ಬಡಿದು ಕೂಡಿಸುತ್ತಾನೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಾಯಿಸಿ ಅದರಲ್ಲಿ ಹೂಜಿಯನ್ನು ಅದ್ದಿದರೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಬಹುಕಾಲ ಬಿಸಿಲು ಮಳೆ ಕಾಣದ ಮೂಲೆಯ ಮಣ್ಣೇ ಆಗಬೇಕು. ಅದು ಸರಿಯಾದ ಮಣ್ಣೋ ಅಲ್ಲವೋ ಎಂದು ನಾಲಗೆಗೆ ಹಚ್ಚಿ ರುಚಿ ನೋಡಿ ಹೇಳುವವರಿದ್ದಾರೆ. ಇದನ್ನು ಕಣ್ಣಾರೆ ಕಂಡವನಿಗೆ ಆ ಹೂಜಿಯ ಬೆಲೆ ಹೆಚ್ಚೆನಿಸಲಾರದು. ಬೆಲೆಯ ಚೀಟಿಯಲ್ಲಿ ಲೋಹದ ತೂಕವನ್ನು ಬರೆಯಬಹುದು. ರುಚಿ ನೋಡುವ ನಾಲಗೆಯ ಅನುಭವವನ್ನು ಯಾವ ಅಂಕಣದಲ್ಲಿ ಬರೆಯುವುದು?

ಇಲ್ಲಿ ಚೌಕಾಸಿಯ ಪ್ರಶ್ನೆ ಎದ್ದೇಳುತ್ತದೆ. ಚೌಕಾಸಿ ಮಾಡುವುದು ಪಾಪವೆಂದು ನಾನು ಹೇಳಲಾರೆ. ಅದು ನಮ್ಮ ಸಂತೆಯ ಸಂಭಾಷಣೆ. ಅದರಲ್ಲಿ ವಿನೋದವುಂಟು, ನಾಟಕವುಂಟು, ಕೆಲವು ವೇಳೆ ಸ್ನೇಹವೂ ಉಂಟು. ಜಾತ್ರೆಯಲ್ಲಿ ದನದ ದಲ್ಲಾಳಿಗಳು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ನೋಡಿದವರಿಗೆ ಅದೊಂದು ಕಲೆಯೆಂದೇ ತೋರುತ್ತದೆ. ಆದರೆ ಅಲ್ಲಿ ಇಬ್ಬರೂ ಸಮಬಲರು. ಇಂದು ವ್ಯಾಪಾರ ಕುದುರದಿದ್ದರೆ ನಾಳೆ ಕುದುರೀತು. ಪ್ರವಾಸಿಯ ಚೌಕಾಸಿ ಹಾಗಲ್ಲ. ಹೋಟೆಲಿನ ಕೋಣೆಗೆ ಕೇಳಿದಷ್ಟು ಕೊಟ್ಟು, ಕಾರಿನ ಬಾಡಿಗೆಗೆ ಕೇಳಿದಷ್ಟು ಕೊಟ್ಟು, ದಾರದ ಉಂಡೆ ಮಾರುವ ಮುದುಕಿಯೊಡನೆ ಐದು ರೂಪಾಯಿಗಾಗಿ ಕಾಲು ಗಂಟೆ ವಾದಿಸುವುದು ಜಾಣತನವಲ್ಲ. ಕೇಳಿದ ಬೆಲೆ ನ್ಯಾಯವೇ ಎಂದು ವಿಚಾರಿಸಿಕೊಳ್ಳಲು ನಮಗೆ ಹಕ್ಕುಂಟು. ಅಕ್ಕಪಕ್ಕದ ಎರಡು ಅಂಗಡಿಗಳಲ್ಲಿ ಕೇಳಿದರೆ ಅದು ತಿಳಿದುಹೋಗುತ್ತದೆ. ನ್ಯಾಯವೆಂದು ತಿಳಿದ ಮೇಲೂ ಜಗ್ಗುವುದಾದರೆ ಎದುರಿಗಿರುವವನ ಅಗತ್ಯವನ್ನು ನಾವು ಅಳೆಯುತ್ತಿದ್ದೇವೆ ಎಂದೇ ಅರ್ಥ. ಬಾಡಿಗೆ ಕಟ್ಟಬೇಕಾದವನು, ಸಂಜೆಯಾದರೂ ಬೋಣಿಯಾಗದವನು, ನಷ್ಟಕ್ಕಾದರೂ ಕೊಟ್ಟಾನು. ಆ ಗೆಲುವನ್ನು ಮನೆಗೆ ತಂದು ಹೆಮ್ಮೆಯಿಂದ ಹೇಳಿಕೊಳ್ಳುವುದರಲ್ಲಿ ಸೊಗಸೇನಿದೆ?

ಹಾಗೆಂದು ಸಣ್ಣ ಅಂಗಡಿಯವರೆಲ್ಲ ಹರಿಶ್ಚಂದ್ರರೆಂದು ನಾನು ವಾದಿಸಲು ಹೊರಟಿಲ್ಲ. ಯಾತ್ರಾಸ್ಥಳಗಳಲ್ಲಿ ಗಿರಾಕಿ ಮತ್ತೆ ಬರುವವನಲ್ಲ ಎಂಬುದು ವರ್ತಕನಿಗೆ ಗೊತ್ತು. ಗೊತ್ತಿರುವುದು ಕೆಲವರನ್ನು ಕೆಡಿಸುತ್ತದೆ. ಗಾಡಿಯ ಚಾಲಕನು ತಾನಾಗಿ ಒಂದು ಅಂಗಡಿಯ ಮುಂದೆ ತಂದು ನಿಲ್ಲಿಸಿದನೆಂದರೆ ಅವನ ಕಮಿಷನ್ನು ನಮ್ಮ ಬೆಲೆಯೊಳಗೆ ಸೇರಿಕೊಂಡಿರುವ ಸಂಭವವೇ ಹೆಚ್ಚು. ಇದಕ್ಕೆ ಕಾನೂನಿನ ರಕ್ಷಣೆ ಸ್ವಲ್ಪ ಇದೆ, ವಿವೇಕದ ರಕ್ಷಣೆ ಇನ್ನಷ್ಟು ಇದೆ. ಪೊಟ್ಟಣದ ಸಾಮಾನಿನ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಮುದ್ರಿಸಿರಬೇಕು. 2009ರ ಕಾನೂನು ಮಾಪನ ಶಾಸ್ತ್ರ ಕಾಯಿದೆ ಮತ್ತು ಅದರ ನಿಯಮಗಳ ಪ್ರಕಾರ ಅದಕ್ಕಿಂತ ಹೆಚ್ಚು ಕೇಳುವುದು ಅಪರಾಧ, ಅದು ರೈಲ್ವೆ ನಿಲ್ದಾಣವಾದರೂ ಸರಿ, ಬೆಟ್ಟದ ತುದಿಯಾದರೂ ಸರಿ. ರೇಷ್ಮೆಗೆ 2004ರಿಂದ ರೇಷ್ಮೆ ಗುರುತು, ಕೈಮಗ್ಗಕ್ಕೆ 2006ರಿಂದ ಕೈಮಗ್ಗದ ಗುರುತು ಬಂದಿವೆ. ಗುರುತಿಲ್ಲದ ಕಡೆ ಹಳೆಯ ಪರೀಕ್ಷೆಯುಂಟು: ಸೆರಗಿನ ಒಂದು ಎಳೆಯನ್ನು ಸುಟ್ಟರೆ ನಿಜವಾದ ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ಊರಿನವರು ಕೊಳ್ಳುವಲ್ಲಿ ಕೊಳ್ಳುವುದು, ಊರಿನವರು ಬಳಸುವುದನ್ನು ಕೊಳ್ಳುವುದು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಮಧುರೆಯ ಸುಂಗುಡಿ, ಧಾರವಾಡದ ಪೇಡೆ: ಇವೆಲ್ಲ ಪ್ರವಾಸಿಗಾಗಿ ಹುಟ್ಟಿದವಲ್ಲ. ಆ ಊರಿನ ಹೆಂಗಸರು ಉಟ್ಟು, ಆ ಊರಿನ ಮಕ್ಕಳು ತಿಂದು, ಒಪ್ಪಿ ಉಳಿಸಿಕೊಂಡಂಥವು. ಧಾರವಾಡದ ಪೇಡೆಯಂತೂ ಪ್ಲೇಗಿನ ಕಾಲದಲ್ಲಿ ಉತ್ತರದ ಉನ್ನಾವ್‌ನಿಂದ ವಲಸೆ ಬಂದ ಮನೆತನದ ಕೈಗುಣ. ಒಂದು ಸಣ್ಣ ಅಂಗಡಿ ಎರಡು ನಾಡುಗಳನ್ನು ಬೆಸೆದುದಕ್ಕೆ ಸಾಕ್ಷಿ.

ಅಂಗಡಿ ಬೀದಿಯು ಸಾಹಿತ್ಯಕ್ಕೂ ಚರಿತ್ರೆಗೂ ವಸ್ತುವಾದುದುಂಟು. ಕೋಳಿಕ್ಕೋಡಿನ ಮಿಠಾಯಿ ತೆರುವು, ಅಂದರೆ ಮಿಠಾಯಿ ಬೀದಿ, ಹಲ್ವಕ್ಕೆ ಹೆಸರಾದುದು. ಆ ಬೀದಿಯ ಸಣ್ಣ ಜನರ ಬಾಳನ್ನೇ ಎಸ್. ಕೆ. ಪೊಟ್ಟೆಕ್ಕಾಟರು 'ಒರು ತೆರುವಿಂಡೆ ಕಥ' ಎಂಬ ಕಾದಂಬರಿಯಾಗಿ ಬರೆದರು. ಅವರು ದೇಶ ದೇಶ ಸುತ್ತಿದ ಪ್ರವಾಸಿ, ಮಲಯಾಳದಲ್ಲಿ ಪ್ರವಾಸ ಸಾಹಿತ್ಯಕ್ಕೆ ಹೆಸರು ತಂದವರು. ಜಗತ್ತನ್ನು ಕಂಡ ಕಣ್ಣಿಗೆ ಸ್ವಂತ ಊರಿನ ಅಂಗಡಿ ಸಾಲು ಸಣ್ಣದಾಗಿ ಕಾಣಲಿಲ್ಲ ಎಂಬುದು ಗಮನಾರ್ಹ. ಇನ್ನು ಈಶಾನ್ಯದ ಇಂಫಾಲದಲ್ಲಿ ಇಮಾ ಕೈಥೇಲ್ ಎಂಬ ಪೇಟೆಯಿದೆ. 'ಇಮಾ' ಎಂದರೆ ತಾಯಿ. ಅಲ್ಲಿ ಮಾರುವವರೆಲ್ಲ ಹೆಂಗಸರೇ, ಸಾವಿರಾರು ಜನ. 1939ರಲ್ಲಿ ಅಕ್ಕಿಯು ನಾಡಿನಿಂದ ಹೊರಗೆ ಸಾಗಿ ಮಣಿಪುರದ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾದಾಗ ಬೀದಿಗಿಳಿದು ಪ್ರತಿಭಟಿಸಿದವರು ಈ ಪೇಟೆಯ ಹೆಂಗಸರು. 'ನುಪಿ ಲಾನ್', ಹೆಂಗಸರ ಯುದ್ಧ, ಎಂದು ಅದಕ್ಕೆ ಹೆಸರು. ಅಂಥ ಕಡೆ ಒಂದು ಕಟ್ಟು ಸೊಪ್ಪನ್ನು ಕೊಂಡರೂ ಒಂದು ಸಂಸ್ಥೆಯೊಡನೆ ವ್ಯವಹರಿಸಿದಂತೆ.

ಕಾಲ ಬದಲಾಗಿದೆ. ಸೇರು ಪಾವುಗಳು ಊರಿಂದೂರಿಗೆ ಬೇರೆಯಾಗಿ ಯಾತ್ರಿಕನನ್ನು ಗೊಂದಲಗೊಳಿಸುತ್ತಿದ್ದ ಕಾಲವನ್ನು 1956ರ ಶಾಸನ ಮುಗಿಸಿತು. ಆಣೆ ಕಾಸುಗಳ ಲೆಕ್ಕವನ್ನು 1957 ಮುಗಿಸಿತು. ಈಗ, 2016ರಲ್ಲಿ ಬಂದ ಯುಪಿಐ ವ್ಯವಸ್ಥೆ, ಚಿಲ್ಲರೆಯ ಜಗಳವನ್ನೇ ಮುಗಿಸುತ್ತಿದೆ. ಚಿಲ್ಲರೆಯ ಬದಲು ಎರಡು ಪೆಪ್ಪರಮೆಂಟು ಕೈಗಿಡುವ ಸಂಪ್ರದಾಯ ಹೋದುದಕ್ಕೆ ನಾನು ಅಳುವವನಲ್ಲ. ಎಳನೀರಿನವನ ತಳ್ಳುಗಾಡಿಯ ಮೇಲೂ ಚೌಕಳಿಯ ಚಿತ್ರವೊಂದು ಅಂಟಿಕೊಂಡಿದೆ. ಫೋನು ತೋರಿಸಿದರೆ ಹಣ ಸಂದಾಯವಾಯಿತೆಂದು ಪುಟ್ಟ ಪೆಟ್ಟಿಗೆ ಕೂಗಿ ಹೇಳುತ್ತದೆ. ದೊಡ್ಡ ಮಳಿಗೆಗಿದ್ದ ಒಂದು ಅನುಕೂಲ ಸಣ್ಣವನಿಗೂ ದಕ್ಕಿತು. ಆದರೆ ಒಂದು ಎಚ್ಚರ ಬೇಕು. ಪೆಟ್ಟಿಗೆ ಮಾತಾಡಿತೆಂದು ನಾವು ಮಾತು ಬಿಡಬಾರದು. ಹಣ ಫೋನಿನಿಂದ ಹೋಗಲಿ, ಕ್ಷೇಮಸಮಾಚಾರ ಬಾಯಿಂದಲೇ ಹೋಗಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಹಾದಿಯ ಅಂಗಡಿಗೆ ಹಾದಿಯೇ ಪ್ರಾಣ. ಹಾದಿ ಬದಲಾದರೆ ಅಂಗಡಿಗೆ ಏನಾಗುತ್ತದೆ?

ಅಬ್ದುರ್ ರಜಾಕ್ ಬೆರಗಾಗಿ ನೋಡಿದ ವಿಜಯನಗರದಲ್ಲಿ, ವಿರೂಪಾಕ್ಷ ದೇವಾಲಯದ ಮುಂದಣ ಬೀದಿಯ ಹಳೆಯ ಮಂಟಪಗಳಲ್ಲಿಯೂ ಆಸುಪಾಸಿನಲ್ಲಿಯೂ ನಮ್ಮ ಕಾಲದಲ್ಲಿ ಮತ್ತೆ ಅಂಗಡಿಗಳು ಹುಟ್ಟಿಕೊಂಡಿದ್ದವು. ಹೂವು ಹಣ್ಣು, ಪುಸ್ತಕ, ಬಟ್ಟೆ, ತಿಂಡಿ. 2011ರಲ್ಲಿ ಅವುಗಳನ್ನೂ ಅಲ್ಲಿದ್ದ ಮನೆಗಳನ್ನೂ ತೆರವುಗೊಳಿಸಿದರು. ಸ್ಮಾರಕವನ್ನು ರಕ್ಷಿಸಬೇಕೆಂಬುದು ಸರಿಯಾದ ಮಾತು. ಹಂಪೆ 1986ರಿಂದ ವಿಶ್ವ ಪರಂಪರೆಯ ತಾಣ, ಕಂಬಕ್ಕೆ ಮೊಳೆ ಹೊಡೆಯುವುದನ್ನು ಯಾರೂ ಸಮರ್ಥಿಸಲಾರರು. ಆದರೂ ಬಜಾರು ಎಂದು ಹೆಸರಿರುವ ಬೀದಿಯಲ್ಲಿ ಮಾರುವವನಿಲ್ಲದ ಮೌನವನ್ನು ನೋಡುವಾಗ, ಕಲ್ಲನ್ನು ಉಳಿಸುತ್ತ ಕಲ್ಲಿನ ಉದ್ದೇಶವನ್ನು ಎಲ್ಲಿಟ್ಟೆವು ಎಂಬ ಪ್ರಶ್ನೆ ಏಳದಿರುವುದಿಲ್ಲ.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿ ಅಂಗಡಿಗಳಿಂದಲೇ ಬೆಳೆದ ದಾರಿ. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ, ಮಂಡ್ಯದ ಬೆಲ್ಲ. ಮದ್ದೂರು ವಡೆಯ ಕೀರ್ತಿ ರೈಲು ನಿಲ್ದಾಣದಿಂದ ಹುಟ್ಟಿದ್ದು. ರೈಲು ನಿಲ್ಲುತ್ತಿದ್ದುದರಿಂದ ವಡೆ ಹೆಸರಾಯಿತೇ ಹೊರತು, ವಡೆಗಾಗಿ ರೈಲು ನಿಲ್ಲಲಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಒರೆಸಿದರೆ ಕನ್ನಡಿಯಂತೆ ಹೊಳೆಯುತ್ತದೆ. ಅರಿಸಿನ, ನೀಲಿಗಳಂಥ ಸಸ್ಯದ ಬಣ್ಣ. ಮಗು ಬಾಯಿಗಿಟ್ಟರೂ ತಾಯಿ ಹೆದರಬೇಕಾಗಿಲ್ಲ. ಈ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ರಸ್ತೆಯ ಎರಡು ಬದಿಯೂ ಸಾಲಾಗಿ ತೂಗಾಡುವ ಕುದುರೆಗಳನ್ನು ಕಂಡು ಕಾರು ನಿಲ್ಲಿಸುವಂತೆ ಹಟ ಹಿಡಿಯದ ಮಗುವೇ ಆ ದಾರಿಯಲ್ಲಿ ಪ್ರಯಾಣ ಮಾಡಿರಲಾರದು.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ನಡುವಣ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರಿನ ದಾರಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಮೂರು ಗಂಟೆಯ ಪ್ರಯಾಣ ಹೆಚ್ಚು ಕಡಿಮೆ ಅರ್ಧಕ್ಕಿಳಿದಿದೆ. ಆಸ್ಪತ್ರೆಗೆ ಧಾವಿಸುವವನಿಗೆ, ದಿನವೂ ಓಡಾಡುವವನಿಗೆ ಇದು ದೊಡ್ಡ ಉಪಕಾರ. ಊರೊಳಗಿನ ಬೀದಿಗಳಿಗೂ ಲಾರಿಗಳ ಕಾಟ ತಪ್ಪಿದೆ. ಹೊಸ ರಸ್ತೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಎತ್ತರದ ಆ ರಸ್ತೆಯಿಂದ ಬೊಂಬೆಯ ಅಂಗಡಿ ಕಾಣುವುದಿಲ್ಲ, ಕಂಡರೂ ನಿಲ್ಲುವಂತಿಲ್ಲ. ಹಳೆಯ ದಾರಿಯ ಬೊಂಬೆಯವರು, ಎಳನೀರಿನವರು, ತಿಂಡಿಯ ಮನೆಯವರು, ಗಿರಾಕಿಗಳು ಕಡಿಮೆಯಾದರೆಂದು ಹೇಳಿಕೊಂಡುದನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಯಾರೂ ಅವರ ಅಂಗಡಿಯನ್ನು ಮುಚ್ಚಿಸಲಿಲ್ಲ. ಅವರ ಸರಕು ಕೆಡಲಿಲ್ಲ, ಕೈಚಳಕ ಕುಂದಲಿಲ್ಲ. ನಾವು ಆ ಬೀದಿಗೆ ಬರುವುದನ್ನು ಬಿಟ್ಟೆವು, ಅಷ್ಟೆ.

ರಸ್ತೆ ನಮಗೆ ಸುಮಾರು ಒಂದೂವರೆ ಗಂಟೆಯನ್ನು ಉಳಿಸಿಕೊಟ್ಟಿತು. ಉಳಿದ ಸಮಯವನ್ನು ನಾವು ಏನು ಮಾಡುತ್ತೇವೆ ಎಂಬುದು ಇಂಜಿನಿಯರರ ಹೊಣೆಯಲ್ಲ, ನಮ್ಮ ಹೊಣೆ. ಅದರಲ್ಲಿ ಅರ್ಧ ಗಂಟೆಯನ್ನು ಹಳೆಯ ದಾರಿಗೆ ಕೊಡಬಾರದೆ? ಅವಸರವಿದ್ದಾಗ ಹೆದ್ದಾರಿಯಲ್ಲಿ ಹೋಗಲಿ. ಹಿಂದಿರುಗುವಾಗ ಒಂದೆಡೆ ಕೆಳಗಿಳಿದು ಊರೊಳಗೆ ಬರಲಿ. ಈ ಮಾತು ಮೈಸೂರು ರಸ್ತೆಗೆ ಮಾತ್ರ ಅನ್ವಯಿಸುವುದಲ್ಲ. ದೇಶದುದ್ದಕ್ಕೂ ಊರುಗಳನ್ನು ಬದಿಗಿಟ್ಟು ಓಡುವ ರಸ್ತೆಗಳು ಆಗುತ್ತಿವೆ. ಒಂದೊಂದರ ಪಕ್ಕದಲ್ಲಿಯೂ ಹೀಗೆ ಕಾದು ಕುಳಿತ ಬೀದಿಯೊಂದಿದೆ. ಬೊಂಬೆ ಮನೆಬಾಗಿಲಿಗೇ ಅಂಚೆಯಲ್ಲಿ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ನಿಜ. ಆದರೆ ಕಡೆಯುವ ಯಂತ್ರದ ಸದ್ದು ಪೊಟ್ಟಣದಲ್ಲಿ ಬರುವುದಿಲ್ಲ; ಮರದ ತುಂಡು ಕಣ್ಣೆದುರಿನಲ್ಲಿ ಬುಗುರಿಯಾಗುವುದನ್ನು ಕಂಡು ಮಗು ಬಾಯಿ ತೆರೆಯುವ ಗಳಿಗೆಯೂ ಬರುವುದಿಲ್ಲ. ಕಡೆದವನಿಗಾದರೂ ಆ ತೆರೆದ ಬಾಯಿ ಕಾಣುವುದು ಬೇಡವೆ? ದಿನವೆಲ್ಲ ಕೆಲಸ ಮಾಡಿದವನಿಗೆ ಕೂಲಿಯ ಮೇಲೆ ಸಲ್ಲಬೇಕಾದ ಕೊಸರು ಅದು.

ಪ್ರವಾಸಕ್ಕೆ ಹೊರಡುವಾಗ ನಾವು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬರೆದುಕೊಳ್ಳುತ್ತೇವೆ. ಆ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಲಿ: ಆ ಊರಿನ ಒಂದು ಸಣ್ಣ ಅಂಗಡಿ. ದೊಡ್ಡದೇನನ್ನೂ ಕೊಳ್ಳಬೇಕಾಗಿಲ್ಲ. ಒಂದು ಬಾಚಣಿಗೆ, ಒಂದು ಅಡಕೊತ್ತು, ಅಲ್ಲಿಯವರು ತಲೆಗೆ ಹಚ್ಚುವ ಎಣ್ಣೆಯ ಒಂದು ಸೀಸೆ ಸಾಕು. ನ್ಯಾಯವಾದ ಬೆಲೆ ಕೊಟ್ಟು, 'ಮಳೆ ಹೇಗಿದೆ, ಮಕ್ಕಳು ಏನು ಓದುತ್ತಿದ್ದಾರೆ' ಎಂದು ಎರಡು ಮಾತು ಕೇಳಿ ಬಂದರೆ ಆಯಿತು. ದೇವಾಲಯಗಳು ಸಾವಿರ ವರ್ಷ ನಮಗಾಗಿ ಕಾದಿವೆ, ಇನ್ನೂ ಕಾಯುತ್ತವೆ. ಅಂಗಡಿಯವನಿಗೆ ಅಷ್ಟು ಕಾಲ ಕಾಯುವ ಶಕ್ತಿಯಿಲ್ಲ.